ಬೆಳಿಗ್ಗೆ ಐದಾರು ಸಲ ಒತ್ತಿದರೆ ಮಾತ್ರ ಆನ್ ಆಗುವ ಕಂಪ್ಯೂಟರ್: ಕೆಟ್ಟಿರುವುದು ಮದರ್‌ಬೋರ್ಡೋ, ಎಸ್‌ಎಂಪಿಎಸ್ಸೋ?

ಪ್ರಶ್ನೆ: ಸಾಗರದ ಹತ್ತಿರದ ಊರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಏಳು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎರಡು ತಿಂಗಳಿಂದ ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ. ಐದಾರು ಸಲ ಒತ್ತಿದ ಮೇಲೆ ಆನ್ ಆಗುತ್ತದೆ. ಆಮೇಲೆ ಸಂಜೆವರೆಗೂ ಓಡುತ್ತದೆ. ಆದರೆ ಲೇಸರ್ ಪ್ರಿಂಟರ್ ಕೆಲಸ ಶುರು ಮಾಡುವಾಗ ಒಮ್ಮೊಮ್ಮೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಒಬ್ಬರು ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಹಾಕಿದರು. ಎರಡು ದಿನ ಸರಿಯಿತ್ತು. ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ, ಪ್ರೊಸೆಸರ್ ಸಮೇತ ಬದಲಿಸಬೇಕು ಅಂದರು. ಮತ್ತೊಬ್ಬರು ಸ್ಟೆಬಿಲೈಜರ್ ಹಾಕಿ ಅಂದರು. ಈಗ ರಾತ್ರಿಯೂ ಆಫ್ ಮಾಡದೆ ಬಿಟ್ಟಿದ್ದೇನೆ. ನಾನೇ ಪರೀಕ್ಷೆ ಮಾಡಿ ನೋಡಬಹುದೇ? ಎಸ್‌ಎಂಪಿಎಸ್ ಬದಲಿಸುವುದಾದರೆ 700 ರೂಪಾಯಿಯದ್ದು ಸಾಕೇ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಕಂಪ್ಯೂಟರ್ ಈಗ ಓಡುತ್ತಿದೆ ಅಲ್ವಾ? ಅದು ಓಡುತ್ತಿರುವಾಗಲೇ ಗಿರಾಕಿಗಳ ಫೈಲು, ಲೆಕ್ಕಪತ್ರ, ಬೇಕಾದದ್ದೆಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿ. ಕೆಡುತ್ತಿರುವ ಎಸ್‌ಎಂಪಿಎಸ್ ಒಮ್ಮೊಮ್ಮೆ ಸುಮ್ನೆ ಸಾಯುವುದಿಲ್ಲ. ಹೋಗುವಾಗ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ನಿಮ್ಮ ಚಿಂತೆ ಏನೆಂದು ಅರ್ಥವಾಗುತ್ತದೆ. ಮದರ್‌ಬೋರ್ಡ್, ಪ್ರೊಸೆಸರ್ ಎಂದು ಹೊರಟರೆ ಹತ್ತಾರು ಸಾವಿರದ ಮಾತು. ಎಸ್‌ಎಂಪಿಎಸ್ ಆದರೆ ಎರಡು ಮೂರು ಸಾವಿರದಲ್ಲಿ ಮುಗಿಯುತ್ತದೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಅದರಲ್ಲೂ ಅದರೊಳಗೆ ಕರೆಂಟನ್ನು ಕೂಡಿಟ್ಟು ಬೇಕಾದಾಗ ಬಿಡುವ ಕೆಪಾಸಿಟರ್‌ಗಳ ಮೇಲೆ. ಅನುಮಾನ ಅಂದೆ, ತೀರ್ಪಲ್ಲ. ತೀರ್ಪಿಗೆ ಒಂದು ಪರೀಕ್ಷೆ ಬೇಕು, ಅದನ್ನು ನೀವೇ ಮಾಡಬಹುದು.

ಅನುಮಾನ ಬಂದದ್ದು ಯಾಕೆ ಅಂದರೆ, ತಣ್ಣಗಿದ್ದಾಗ ಹಟ ಮಾಡುತ್ತದೆ, ಬಿಸಿಯಾದ ಮೇಲೆ ಸರಿಯಾಗುತ್ತದೆ. ಈ ರೋಗಕ್ಕೆ ಒಂದು ಸ್ಪಷ್ಟ ಕಾರಣವಿದೆ. ಎಸ್‌ಎಂಪಿಎಸ್ ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಮೊದಲು ಸುಮಾರು 325 ವೋಲ್ಟ್ ಡಿಸಿ ಮಾಡುತ್ತದೆ. ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಸಮನಾಗಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ನಲ್ಲಿ ಇದು 400 ವೋಲ್ಟ್ ಹತ್ತಿರ ಹೋಗುತ್ತದೆ. ಆಮೇಲೆ ಆ ಡಿಸಿಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಹಾಯಿಸಿ 12, 5 ಮತ್ತು 3.3 ವೋಲ್ಟ್‌ಗೆ ಇಳಿಸುತ್ತದೆ. ಹೀಗೆ ಕಡಿದು ಬಂದ ಕರೆಂಟಿನಲ್ಲಿ ಏರಿಳಿತ ಇರುತ್ತದೆ. ಅದನ್ನು ನುಣ್ಣಗೆ ಮಾಡುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಕೆಲಸ. ಅವುಗಳೊಳಗೆ ಒಂದು ದ್ರವ ಇರುತ್ತದೆ. ವರ್ಷಗಟ್ಟಲೆ ಶಾಖಕ್ಕೆ ಅದು ಆರುತ್ತಾ ಹೋಗುತ್ತದೆ. ಶಾಖ 10 ಡಿಗ್ರಿ ಏರಿದರೆ ಕೆಪಾಸಿಟರ್‌ನ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತದೆ ಎಂಬುದು ಈ ಕೆಲಸದಲ್ಲಿರುವವರೆಲ್ಲ ಬಳಸುವ ಅಂದಾಜು. ಧೂಳು ಕಟ್ಟಿದ ಫ್ಯಾನ್, ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್, ಇವೆಲ್ಲ ಆಯಸ್ಸು ತಿನ್ನುತ್ತವೆ.

ದ್ರವ ಆರಿದ ಕೆಪಾಸಿಟರ್‌ನ ಒಳಗಿನ ತಡೆ ಜಾಸ್ತಿ ಆಗುತ್ತದೆ. ತಂಪಿನಲ್ಲಿ ಅದು ಇನ್ನೂ ಜಾಸ್ತಿ. ನಿಮ್ಮ ಮಲೆನಾಡಿನ ಬೆಳಗಿನ ಚಳಿಯಲ್ಲಿ ಬಟನ್ ಒತ್ತಿದ ಕೂಡಲೇ ವೋಲ್ಟೇಜ್ ನೆಟ್ಟಗೆ ನಿಲ್ಲುವುದಿಲ್ಲ. ಎಸ್‌ಎಂಪಿಎಸ್ ಎಲ್ಲ ವೋಲ್ಟೇಜ್ ಸರಿಯಾದ ಮೇಲೆ, ಅರ್ಧ ಸೆಕೆಂಡಿನೊಳಗೆ, ಬೂದು ಬಣ್ಣದ ತಂತಿಯಲ್ಲಿ ‘ಪವರ್ ಸರಿಯಿದೆ’ ಎಂಬ ಸಂಕೇತವನ್ನು ಮದರ್‌ಬೋರ್ಡ್‌ಗೆ ಕೊಡಬೇಕು. ಅದು ಬರದಿದ್ದರೆ ಅಥವಾ ವೋಲ್ಟೇಜ್ ತೀರಾ ಏರುಪೇರಾದರೆ ಎಲ್ಲವೂ ಬಂದ್. ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುವುದು ಹೀಗೆ. ಪ್ರತಿ ಸಲ ಒತ್ತಿದಾಗಲೂ ಕೆಪಾಸಿಟರ್ ಸ್ವಲ್ಪ ಸ್ವಲ್ಪ ಬೆಚ್ಚಗಾಗುತ್ತದೆ. ಐದನೆಯದೋ ಆರನೆಯದೋ ಸಲಕ್ಕೆ ಏಳುತ್ತದೆ.

ಪ್ರಿಂಟರ್ ವಿಷಯವೂ ಇದಕ್ಕೇ ಸೇರುತ್ತದೆ. ಲೇಸರ್ ಪ್ರಿಂಟರ್ ಪುಡಿಯನ್ನು ಕಾಗದಕ್ಕೆ ಅಂಟಿಸಲು ಒಳಗಿನ ರೋಲರನ್ನು ಸುಮಾರು 200 ಡಿಗ್ರಿಗೆ ಕಾಯಿಸುತ್ತದೆ. ಆ ಗಳಿಗೆಯಲ್ಲಿ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ. ಎರಡೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿದ್ದರೆ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಗಟ್ಟಿಮುಟ್ಟಾದ ಎಸ್‌ಎಂಪಿಎಸ್‌ಗೆ ಇದು ಗೊತ್ತೂ ಆಗುವುದಿಲ್ಲ. ಅದರ ದೊಡ್ಡ ಕೆಪಾಸಿಟರ್ ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ನಲ್ಲಿ ನೀರು ನಿಂತರೂ ಸ್ವಲ್ಪ ಹೊತ್ತು ಕೆಲಸ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಈ ‘ಸ್ವಲ್ಪ ಹೊತ್ತು’ ಅಂದರೆ ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡ್. ಕೆಪಾಸಿಟರ್ ಆರಿದ್ದರೆ ಅಷ್ಟೂ ಉಳಿಯುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಎರಡು ಬೇರೆ ಬೇರೆ ತೊಂದರೆ ಅಂತ ನೀವು ಅಂದುಕೊಂಡದ್ದು ಒಂದೇ ಬೇರಿನದ್ದು ಇರಬಹುದು.

ಈಗ ನಿಮಗೆ ಬಂದ ಸಲಹೆಗಳ ಬಗ್ಗೆ.

ರ‍್ಯಾಮ್ ಉಜ್ಜುವುದು ನಮ್ಮಲ್ಲಿ ಎಲ್ಲ ರೋಗಕ್ಕೂ ಮೊದಲ ಮದ್ದು. ರ‍್ಯಾಮ್ ಸರಿಯಾಗಿ ಕೂರದಿದ್ದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪರದೆ ಮಾತ್ರ ಕಪ್ಪಗಿರುತ್ತದೆ, ಕೆಲವು ಬೋರ್ಡ್‌ಗಳಲ್ಲಿ ಬೀಪ್ ಸದ್ದು ಬರುತ್ತದೆ. ನಿಮ್ಮದು ಹಾಗಿಲ್ಲ. ಹಾಗಾದರೆ ಎರಡು ದಿನ ಸರಿಯಾದದ್ದು ಹೇಗೆ? ಕೆಪಾಸಿಟರ್ ತೊಂದರೆ ಹವೆಯ ಜೊತೆ ಬಂದು ಹೋಗುತ್ತದೆ. ಎರಡು ದಿನ ಬಿಸಿಲು ಬಿದ್ದರೆ ತಾನಾಗಿಯೇ ಕಡಿಮೆಯಾಗುತ್ತದೆ. ಆಗ ಕೊನೆಗೆ ಏನು ಮಾಡಿದ್ದೆವೋ ಅದಕ್ಕೇ ಹೆಸರು ಬರುತ್ತದೆ.

ಸ್ಟೆಬಿಲೈಜರ್ ಬಗ್ಗೆ ಹೇಳುವುದಾದರೆ, ಎಸ್‌ಎಂಪಿಎಸ್ ಪಕ್ಕದ ಲೇಬಲ್ ಓದಿ. ಇನ್‌ಪುಟ್ 100 ರಿಂದ 240 ವೋಲ್ಟ್ ಎಂದಿದ್ದರೆ ಡಿಮ್ ಕರೆಂಟು ಅದಕ್ಕೆ ತೊಂದರೆಯಲ್ಲ, ಸ್ಟೆಬಿಲೈಜರ್ ಬೇಕಿಲ್ಲ. 200 ರಿಂದ 240 ಎಂದಿದ್ದು, ನಿಮ್ಮೂರಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುವುದಾದರೆ ಉಪಯೋಗವಿದೆ. ಆದರೆ ರಿಲೇ ಇರುವ ಸ್ಟೆಬಿಲೈಜರ್ ‘ಟಕ್’ ಎನ್ನುವಾಗ ಕರೆಂಟು ಒಂದು ಕ್ಷಣ ಕಡಿಯುತ್ತದೆ. ಬಲಹೀನ ಎಸ್‌ಎಂಪಿಎಸ್‌ಗೆ ಅದೇ ಒಂದು ರೀಸ್ಟಾರ್ಟ್‌ಗೆ ಸಾಕು. ಲೇಬಲ್ ನೋಡುವಾಗ ಹಿಂಬದಿಯಲ್ಲಿ 115/230 ಎಂದು ಬರೆದ ಕೆಂಪು ಸ್ವಿಚ್ ಕಂಡರೆ ದಯವಿಟ್ಟು ಮುಟ್ಟಬೇಡಿ. 115ಕ್ಕೆ ಸರಿಸಿ ನಮ್ಮ 230 ಕೊಟ್ಟರೆ ಎಸ್‌ಎಂಪಿಎಸ್ ಸದ್ದು ಮಾಡಿ ಸುಟ್ಟುಹೋಗುತ್ತದೆ.

ಮದರ್‌ಬೋರ್ಡ್ ಹೋಗಿದೆ ಎಂದವರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಬೋರ್ಡಿನಲ್ಲೂ ಪ್ರೊಸೆಸರ್ ಸುತ್ತ ಕೆಪಾಸಿಟರ್‌ಗಳಿವೆ, ಅವು ಕೆಟ್ಟರೂ ಇಂಥದೇ ಲಕ್ಷಣ ಬರಬಹುದು. ಆದರೆ ಏಳು ವರ್ಷದ ಹಿಂದಿನ ಬೋರ್ಡ್‌ಗಳಲ್ಲಿ ಆ ಜಾಗದಲ್ಲಿ ಹೆಚ್ಚಾಗಿ ದ್ರವ ಇಲ್ಲದ ಸಾಲಿಡ್ ಕೆಪಾಸಿಟರ್ ಇರುತ್ತವೆ. ಅವು ಹೀಗೆ ಆರುವುದಿಲ್ಲ. ನನಗೆ ಸರಿ ಕಾಣದಿರುವುದು, ಬೇರೆ ಎಸ್‌ಎಂಪಿಎಸ್ ಹಾಕಿ ನೋಡದೆಯೇ ಬೋರ್ಡಿಗೆ ಬೆಲೆ ಹೇಳಿದ್ದು. ಕೆಲವರು ವಿಂಡೋಸ್‌ನ ದಾಖಲೆಯಲ್ಲಿ ‘ಕರ್ನೆಲ್ ಪವರ್ 41’ ಎಂಬ ಸಾಲು ತೋರಿಸಿ ಇದೇ ಸಾಕ್ಷಿ ಅನ್ನುತ್ತಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಅದರ ಅರ್ಥ. ಯಾಕೆ ನಿಂತಿತು ಎಂದು ಅದು ಹೇಳುವುದಿಲ್ಲ.

ಪರೀಕ್ಷೆಗೆ ಬರೋಣ. ಇದರಲ್ಲಿ ಬಹಳ ಜನ ತಪ್ಪುವ ಒಂದು ಜಾಗವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆ ಬೆಳಿಗ್ಗೆಯೇ ಆಗಬೇಕು. ರಾತ್ರಿ ಪ್ಲಗ್ ಕಿತ್ತಿಟ್ಟು, ಪೂರ್ತಿ ತಣಿದ ಯಂತ್ರದಲ್ಲಿ, ಮೊದಲ ಸಲ ಬಟನ್ ಒತ್ತಿದಾಗ ಏನಾಗುತ್ತದೆ ಎನ್ನುವುದೇ ಮುಖ್ಯ. ಮಧ್ಯಾಹ್ನ ರಿಪೇರಿ ಅಂಗಡಿಗೆ ಒಯ್ದರೆ ಅದು ಒಂದೇ ಒತ್ತಿಗೆ ಆನ್ ಆಗುತ್ತದೆ. ‘ನಮ್ಮಲ್ಲಿ ಸರಿಯಿದೆಯಲ್ಲ’ ಎಂದು ವಾಪಸ್ ಕಳಿಸುತ್ತಾರೆ. ಈ ಓಡಾಟದಲ್ಲೇ ಎಷ್ಟೋ ಗಿರಾಕಿಗಳು ಸುಸ್ತಾಗುವುದನ್ನು ನೋಡಿದ್ದೇನೆ.

ಮೊದಲ ಬೆಳಿಗ್ಗೆ ಖರ್ಚಿಲ್ಲದ್ದನ್ನು ನೋಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ಗೋಡೆಯ ಸಾಕೆಟ್‌ಗೇ ನೇರ ಹಾಕಿ. ಪವರ್ ಕೇಬಲ್ ಬೇರೆಯದು ಹಾಕಿ, ಮಾನಿಟರ್‌ನದೇ ಆದೀತು. ಪ್ರಿಂಟರ್ ಆಫ್ ಇರಲಿ. ಕ್ಯಾಬಿನೆಟ್‌ನ ಪವರ್ ಬಟನ್ ಒಳಗೆ ಸಿಕ್ಕಿಕೊಳ್ಳುತ್ತಿದೆಯೇ ನೋಡಿ. ಬಟನ್ ನಾಲ್ಕು ಸೆಕೆಂಡ್ ಒತ್ತಿದಂತೆಯೇ ಉಳಿದರೆ ಬೋರ್ಡ್ ತಾನಾಗಿ ಆಫ್ ಆಗುತ್ತದೆ, ಅದೂ ಹೀಗೇ ಕಾಣಿಸುತ್ತದೆ. ಅನುಮಾನ ಬಂದರೆ ಬೋರ್ಡಿನಲ್ಲಿ ಪವರ್ ಬಟನ್‌ನ ತಂತಿ ಕಿತ್ತು ಆ ಜಾಗಕ್ಕೆ ರೀಸೆಟ್ ಬಟನ್‌ನ ತಂತಿ ಹಾಕಿ, ರೀಸೆಟ್ ಒತ್ತಿ ಆನ್ ಮಾಡಿ.

ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್‌ಗೆ ಇಟ್ಟುಕೊಳ್ಳಿ. ಕಪ್ಪು ಮೊನೆ ಕಪ್ಪು ತಂತಿಗೆ, ಕೆಂಪು ಮೊನೆ ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರ್‌ನ ಹಿಂಬದಿಯಿಂದ. ಎರಡು ಪಿನ್ ಒಟ್ಟಿಗೆ ತಾಗದ ಹಾಗೆ ಎಚ್ಚರ ಇರಲಿ. ನೇರಳೆ ತಂತಿಯಲ್ಲಿ ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಇರಬೇಕು. ಓಡುತ್ತಿರುವಾಗ ಹಳದಿಯಲ್ಲಿ 11.4 ರಿಂದ 12.6, ಕೆಂಪಿನಲ್ಲಿ 4.75 ರಿಂದ 5.25, ಕಿತ್ತಳೆಯಲ್ಲಿ 3.14 ರಿಂದ 3.47 ಬರಬೇಕು. ಇದರಿಂದ ಹೊರಗಿದ್ದರೆ ಎಸ್‌ಎಂಪಿಎಸ್ ಹೋಗಿದೆ, ಮುಂದೆ ಯೋಚನೆ ಬೇಡ. ಆದರೆ ಒಳಗಿದ್ದರೆ ಸರಿಯಿದೆ ಎಂದು ಹೇಳಲಾಗದು. ಮೀಟರ್ ತೋರಿಸುವುದು ಸರಾಸರಿ. ಆರಿದ ಕೆಪಾಸಿಟರ್ ತರುವ ವೇಗದ ಏರಿಳಿತ ಅದರ ಕಣ್ಣಿಗೆ ಬೀಳುವುದಿಲ್ಲ. 12 ವೋಲ್ಟ್‌ನಲ್ಲಿ ಈ ಏರಿಳಿತ 120 ಮಿಲಿವೋಲ್ಟ್ ದಾಟಬಾರದು ಎಂಬ ನಿಯಮವಿದೆ. ಅದನ್ನು ನೋಡಲು ಆಸಿಲೋಸ್ಕೋಪ್, ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ ಬೇಕು.

ಇಂಟರ್‌ನೆಟ್‌ನಲ್ಲಿ ಎಲ್ಲರೂ ತೋರಿಸುವ ಪೇಪರ್ ಕ್ಲಿಪ್ ಪರೀಕ್ಷೆ, ಅಂದರೆ ಹಸಿರು ತಂತಿಗೂ ಕಪ್ಪು ತಂತಿಗೂ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗುತ್ತದೋ ಎಂದು ನೋಡುವುದು, ನಿಮಗೆ ಹೆಚ್ಚು ಪ್ರಯೋಜನವಿಲ್ಲ. ಪೂರ್ತಿ ಸತ್ತಿದೆಯೋ ಇಲ್ಲವೋ ಎಂದಷ್ಟೇ ಅದು ತಿಳಿಸುತ್ತದೆ. ನಿಮ್ಮದು ಸತ್ತಿಲ್ಲ, ನರಳುತ್ತಿದೆ. ಲೋಡ್ ಇಲ್ಲದಿದ್ದಾಗ ನರಳುವ ಎಸ್‌ಎಂಪಿಎಸ್ ಕೂಡ ಚೆನ್ನಾಗಿಯೇ ತಿರುಗುತ್ತದೆ.

ನಿಜವಾದ ಪರೀಕ್ಷೆ ಇಷ್ಟೇ. ಸರಿಯಿದೆ ಎಂದು ಗೊತ್ತಿರುವ ಒಂದು ಎಸ್‌ಎಂಪಿಎಸ್ ಅನ್ನು ಸ್ನೇಹಿತರಿಂದಲೋ ಅಂಗಡಿಯಿಂದಲೋ ಎರಡು ದಿನಕ್ಕೆ ತನ್ನಿ. ಸಂಜೆ ಪ್ಲಗ್ ಕಿತ್ತು ಅದನ್ನು ಜೋಡಿಸಿ. ಕ್ಯಾಬಿನೆಟ್ ಒಳಗೆ ಸ್ಕ್ರೂ ಹಾಕಿ ಕೂರಿಸಬೇಕಿಲ್ಲ, ಪಕ್ಕದಲ್ಲಿ ಮರದ ಹಲಗೆಯ ಮೇಲಿಟ್ಟರೂ ನಡೆಯುತ್ತದೆ. ದೊಡ್ಡ 24 ಪಿನ್, ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್, ಹಾರ್ಡ್ ಡಿಸ್ಕ್‌ನ ಸಾಟಾ, ಇಷ್ಟು ಸಾಕು. ರಾತ್ರಿ ಪ್ಲಗ್ ಕಿತ್ತೇ ಇರಲಿ. ಬೆಳಿಗ್ಗೆ ಒಂದೇ ಒತ್ತಿಗೆ ಎದ್ದರೆ, ಮರುದಿನವೂ ಎದ್ದರೆ, ನಿಮ್ಮ ಹಳೆಯ ಎಸ್‌ಎಂಪಿಎಸ್ಸೇ ಕಾರಣ. ಆಗಲೂ ಫ್ಯಾನ್ ಒಂದೇ ಸುತ್ತು ತಿರುಗಿದರೆ ಬೋರ್ಡ್ ಎಂದವರ ಮಾತು ನಿಜವಿರಬಹುದು.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಉಳಿದಿರಬಹುದು. ಅದನ್ನು ಇಳಿಸುವ ರೆಸಿಸ್ಟರ್ ಕೆಟ್ಟಿದ್ದರೆ ಬಹಳ ಹೊತ್ತು ಉಳಿಯುತ್ತದೆ. ಜೀವಕ್ಕೇ ಅಪಾಯ. ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿ, ಕೆಪಾಸಿಟರ್ ತಲೆ ಉಬ್ಬಿದ್ದರೆ ಅಥವಾ ಕಂದು ಬಣ್ಣದ ಅಂಟು ಸೋರಿದ್ದರೆ ಹೊರಗಿನಿಂದಲೇ ಗೊತ್ತಾಗುತ್ತದೆ. ಒಳಗಿನ ಫ್ಯೂಸ್ ಹೋಗಿದೆ, ಐದು ರೂಪಾಯಿಯ ಫ್ಯೂಸ್ ಹಾಕಿದರೆ ಆಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಫ್ಯೂಸ್ ಸುಮ್ನೆ ಹೋಗುವುದು ಅಪರೂಪ. ಬಹುತೇಕ ಬೇರೆ ಭಾಗ ಶಾರ್ಟ್ ಆಗಿಯೇ ಅದು ಹೋಗಿರುತ್ತದೆ. ಸುಟ್ಟ ವಾಸನೆ, ಚಟಪಟ ಸದ್ದು, ಎಂಸಿಬಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಪ್ಲಗ್ ಕಿತ್ತುಬಿಡಿ. ಮತ್ತೊಮ್ಮೆ ಹಾಕಿ ನೋಡೋಣ ಅನ್ನಬೇಡಿ.

ರಾತ್ರಿಯೆಲ್ಲ ಆನ್ ಇಡುವ ಉಪಾಯದಿಂದ ಬೆಳಗಿನ ಕಿರಿಕಿರಿ ತಪ್ಪುತ್ತದೆ, ನಿಜ. ಆದರೆ ಕೆಪಾಸಿಟರ್ ಆರುವುದು ಹಗಲೂ ರಾತ್ರಿ ನಡೆಯುತ್ತದೆ. ಒಂದು ದಿನ ಲೈನ್ ಹೋಗಿ ನಾಲ್ಕು ಗಂಟೆ ಬಿಟ್ಟು ಬಂದಾಗ ಇಪ್ಪತ್ತು ಸಲ ಒತ್ತಿದರೂ ಏಳುವುದಿಲ್ಲ. ಗುಡುಗು ಮಳೆಯ ರಾತ್ರಿ, ಯಾರೂ ಇಲ್ಲದ ಅಂಗಡಿಯಲ್ಲಿ, ಕೆಡುತ್ತಿರುವ ಎಸ್‌ಎಂಪಿಎಸ್ ಓಡುತ್ತಿರುವುದು ಒಳ್ಳೆಯದೂ ಅಲ್ಲ. ಬಾಗಿಲು ಹಾಕುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತುಬಿಡಿ. ಕಂಪ್ಯೂಟರ್ ಆಫ್ ಇದ್ದರೂ ಸ್ವಿಚ್ ಆನ್ ಇದ್ದರೆ ನೇರಳೆ ತಂತಿಯ 5 ವೋಲ್ಟ್ ಭಾಗ ಕೆಲಸ ಮಾಡುತ್ತಲೇ ಇರುತ್ತದೆ. ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಮೊದಲು ಆರುವುದು ಅಲ್ಲಿನ ಸಣ್ಣ ಕೆಪಾಸಿಟರೇ.

ಜುಮ್ ಅನ್ನುವುದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದೇ ಹೆಚ್ಚು ಕಳವಳದ ವಿಷಯ. ಇದು ಎಸ್‌ಎಂಪಿಎಸ್ ಕೆಟ್ಟಿರುವ ಲಕ್ಷಣ ಅಲ್ಲ. ನಿಮ್ಮ ಸಾಕೆಟ್‌ಗೆ ಅರ್ಥಿಂಗ್ ಇಲ್ಲ ಎನ್ನುವುದರ ಲಕ್ಷಣ. ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರ ಎರಡು ಪುಟ್ಟ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ನ ಲೋಹಕ್ಕೆ ಸೇರಿರುತ್ತವೆ. ಅರ್ಥ್ ಇದ್ದರೆ ಅಲ್ಲಿಂದ ಬರುವ ಚೂರು ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಕರೆಂಟು ತೀರಾ ಕಡಿಮೆ ಆದ್ದರಿಂದ ಜುಮ್ ಅಷ್ಟೇ. ಆದರೆ ನಾಳೆ ಒಳಗೆ ನಿಜವಾದ ಶಾರ್ಟ್ ಆದರೆ ನಿಮ್ಮನ್ನು ಕಾಪಾಡಲು ಅಲ್ಲಿ ಏನೂ ಇರುವುದಿಲ್ಲ. ಹೊಸ ಎಸ್‌ಎಂಪಿಎಸ್ ಹಾಕಿದರೂ ಇದು ಹೋಗುವುದಿಲ್ಲ.

ಎಲೆಕ್ಟ್ರಿಷಿಯನ್‌ಗೆ ಹೇಳಿ ಫೇಸ್ ಮತ್ತು ಅರ್ಥ್ ನಡುವೆ ಅಳೆಸಿ. 230ರ ಹತ್ತಿರ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಅಷ್ಟೇ ಇರಬೇಕು. ಇಲ್ಲದಿದ್ದರೆ ಅರ್ಥ್ ಗುಂಡಿ ಮಾಡಿಸಿ ತಂತಿ ಎಳೆಸಿ. ಕೆಲವರು ಸುಲಭಕ್ಕೆ ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ಒಂದು ತುಂಡು ತಂತಿ ಹಾಕಿಬಿಡುತ್ತಾರೆ. ಜುಮ್ ನಿಲ್ಲುತ್ತದೆ, ಮೀಟರಿನಲ್ಲೂ ಎಲ್ಲ ಸರಿ ಕಾಣುತ್ತದೆ. ಆದರೆ ಯಾವತ್ತಾದರೂ ನ್ಯೂಟ್ರಲ್ ಕಡಿದರೆ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್ ಮೇಲೆ ಬರುತ್ತದೆ. ಅದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಮೂರು ಪಿನ್‌ನ ಪ್ಲಗ್ಗನ್ನು ಎರಡು ಪಿನ್‌ಗೆ ಇಳಿಸುವ ಕನ್ವರ್ಟರ್ ಇದ್ದರೆ ಅದನ್ನೂ ತೆಗೆಯಿರಿ.

ಇನ್ನು ಏನು ಕೊಳ್ಳಬೇಕು ಎಂಬುದು. ಕೆಪಾಸಿಟರ್ ಬದಲಿಸಿ ರಿಪೇರಿ ಮಾಡುವವರಿದ್ದಾರೆ, ಕೆಲವು ನೂರು ರೂಪಾಯಿಗಳಲ್ಲಿ ಆಗುತ್ತದೆ. ಹಾಕುವ ಕೆಪಾಸಿಟರ್ 105 ಡಿಗ್ರಿಯದ್ದಾಗಿರಬೇಕು, ಎಸ್‌ಎಂಪಿಎಸ್‌ಗೆಂದೇ ಮಾಡಿದ ಕಡಿಮೆ ತಡೆಯದ್ದಾಗಿರಬೇಕು. ಸಿಕ್ಕಿದ್ದನ್ನು ಹಾಕಿದರೆ ಆರು ತಿಂಗಳಿಗೆ ಮತ್ತೆ ಅದೇ ಕಥೆ. ಬೇರೆ ಆಕಾರದ ಎಸ್‌ಎಂಪಿಎಸ್ ಇರುವ ಕಂಪನಿ ಕಂಪ್ಯೂಟರ್ ಆದರೆ ರಿಪೇರಿಗೆ ಅರ್ಥವಿದೆ. ನಿಮ್ಮಂಥ ಅಸೆಂಬಲ್ ಮಾಡಿದ್ದಕ್ಕೆ ಹೊಸದೇ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಬೇಡ. ಅದರಲ್ಲೂ ಇಂಥದೇ ಆರಿದ ಕೆಪಾಸಿಟರ್ ಇರುತ್ತವೆ.

700 ರೂಪಾಯಿಯದ್ದನ್ನು ನಾನು ಹಾಕಿಕೊಡುವುದಿಲ್ಲ. ಅದರ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿರುತ್ತದೆ. ಆ ಅಂಕಿ ಬಿಟ್ಟು ಲೇಬಲ್‌ನಲ್ಲಿ 12 ವೋಲ್ಟ್ ಎದುರಿಗಿರುವ ಆಂಪ್ಸ್ ನೋಡಿ. ಈಗಿನ ಕಂಪ್ಯೂಟರ್ ಬಹುತೇಕ 12 ವೋಲ್ಟ್‌ನಲ್ಲೇ ಓಡುತ್ತದೆ. ಅಲ್ಲಿ 14 ಆಂಪ್ಸ್ ಎಂದಿದ್ದರೆ 12 ಗುಣಿಸು 14, ಅಂದರೆ 168 ವ್ಯಾಟ್. 450 ಎಲ್ಲಿಂದ ಬಂತು? ವ್ಯಾಟ್ ಕಡಿಮೆಯಿರುವುದಕ್ಕಿಂತ ದೊಡ್ಡ ತೊಂದರೆ ಬೇರೆಯಿದೆ. ಇಂಥವುಗಳಲ್ಲಿ ವೋಲ್ಟೇಜ್ ಏರಿದರೆ ತಾನಾಗಿ ನಿಲ್ಲುವ ರಕ್ಷಣೆಯನ್ನೂ ಫಿಲ್ಟರನ್ನೂ ಎಷ್ಟೋ ಸಲ ಉಳಿತಾಯಕ್ಕೆಂದು ಬಿಟ್ಟಿರುತ್ತಾರೆ. ಹಾಗೆಂದು 750 ವ್ಯಾಟ್‌ನದ್ದೂ ಬೇಡ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಯಂತ್ರ ಜೋರಾಗಿ ಓಡುವಾಗಲೂ ಎಳೆಯುವುದು ನೂರು, ನೂರೈವತ್ತು ವ್ಯಾಟ್. ಹೆಸರಿರುವ ಕಂಪನಿಯ 400 ಅಥವಾ 450 ವ್ಯಾಟ್, ಮೂರು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ, ‘80 ಪ್ಲಸ್’ ಗುರುತು, ಇಷ್ಟಿದ್ದರೆ ಸಾಕು. 2004ರಲ್ಲಿ ಶುರುವಾದ ಈ 80 ಪ್ಲಸ್ ಎಷ್ಟು ಕರೆಂಟು ಪೋಲಾಗುತ್ತದೆ ಎಂದಷ್ಟೇ ಅಳೆಯುತ್ತದೆ, ಸುರಕ್ಷತೆಯನ್ನಲ್ಲ. ಆದರೂ ತೀರಾ ಕಳಪೆ ಮಾಲು ಆ ಪರೀಕ್ಷೆ ದಾಟುವುದು ಕಷ್ಟ. ಬಿಲ್ ತೆಗೆದುಕೊಳ್ಳಿ, ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟವಾಗುತ್ತದೆ.

ಕೇಬಲ್ ಬಿಚ್ಚಿ ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ತಂದರೆ ಅದರದೇ ಕೇಬಲ್ ಬಳಸಿ. ಬೇರೆ ಕಂಪನಿಯ ಕೇಬಲ್ ಸರಿಯಾಗಿ ಕೂರಬಹುದು, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಕ್ರಮಕ್ಕೆ ಎಲ್ಲರಿಗೂ ಒಂದೇ ನಿಯಮ ಇಲ್ಲ. 5 ವೋಲ್ಟ್ ಹೋಗುವಲ್ಲಿ 12 ಹೋಗಿ ಹಾರ್ಡ್ ಡಿಸ್ಕ್ ಸುಟ್ಟದ್ದನ್ನು ಕಂಡಿದ್ದೇನೆ.

ಯುಪಿಎಸ್ ಇಡುವುದಾದರೆ ಲೇಸರ್ ಪ್ರಿಂಟರ್ ಅದಕ್ಕೆ ಸೇರಿಸಬೇಡಿ, ಬೇರೆ ಸಾಕೆಟ್‌ಗೆ ಹಾಕಿ. ಅಂಗಡಿಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ, ಆಕ್ಟಿವ್ ಪಿಎಫ್‌ಸಿ ಇರುವ ಹೊಸ ಎಸ್‌ಎಂಪಿಎಸ್ ಕೆಲವೊಮ್ಮೆ ಅದರ ಜೊತೆ ಹೊಂದುವುದಿಲ್ಲ. ಗುಂಯ್ ಎನ್ನಬಹುದು, ಕರೆಂಟು ಹೋದಾಗ ಆಫ್ ಆಗಬಹುದು. ಕೊಳ್ಳುವ ಮೊದಲು ಅಂಗಡಿಯವರಿಗೆ ಇನ್ವರ್ಟರ್ ಯಾವುದೆಂದು ಹೇಳಿ.

ಕೊನೆಗೆ ದುಡ್ಡಿನ ಲೆಕ್ಕ. ಪರೀಕ್ಷೆಗೆ ಎರವಲು ಎಸ್‌ಎಂಪಿಎಸ್ ಸಿಗಲಿಲ್ಲ ಅಂದುಕೊಳ್ಳಿ. ಆಗ ಹೊಸದನ್ನೇ ಕೊಂಡು ಹಾಕಿ ನೋಡಿ. ತೊಂದರೆ ಹೋದರೆ ಸರಿ. ಹೋಗದಿದ್ದರೂ ಆ ದುಡ್ಡು ವ್ಯರ್ಥವಲ್ಲ, ಮುಂದೆ ಬೋರ್ಡ್ ಬದಲಿಸಿದಾಗ ಇದೇ ಎಸ್‌ಎಂಪಿಎಸ್ ಅದಕ್ಕೂ ಆಗುತ್ತದೆ. ಬೋರ್ಡ್ ಮೊದಲು ಬದಲಿಸಿದರೆ ಹಾಗಲ್ಲ. ಹೊಸ ಬೋರ್ಡನ್ನು ಅದೇ ನರಳುವ ಎಸ್‌ಎಂಪಿಎಸ್‌ಗೆ ಜೋಡಿಸಿದಂತಾಗುತ್ತದೆ.